ಮೊದಲ ವೈಜ್ಞಾನಿಕ ಕಾದಂಬರಿ ಬರೆಯುತ್ತಿರುವವರಿಗೆ

ಗೆಳೆಯರೇ, ಮೊದಲ ವೈಜ್ಞಾನಿಕ ಕಾದಂಬರಿಗೆ ಕೈ ಹಾಕಿರುವವರು ಈ ವಾರ ಅಧ್ಯಾಯಗಳನ್ನು ಮುಂದುವರಿಸುವುದು ಬೇಡ. ನಿಮ್ಮ ಕಥಾಲೋಕದ ಒಂದೇ ಒಂದು ಭೌತಿಕ ನಿಯಮವನ್ನು ಹಿಡಿದು, ಅದು ಪಾತ್ರಗಳ ಬದುಕನ್ನು ಎಲ್ಲಿ ಕಟ್ಟಿಹಾಕುತ್ತದೆ ಎಂಬುದನ್ನು ಒಂದು ದೃಶ್ಯವಾಗಿ ಬರೆಯಿರಿ.

ಮಂಗಳ ಗ್ರಹವನ್ನೇ ತೆಗೆದುಕೊಳ್ಳಿ. ಭೂಮಿಯಿಂದ ಹೊರಟ ರೇಡಿಯೊ ಸಂದೇಶ ಅಲ್ಲಿಗೆ ಮುಟ್ಟಲು, ಗ್ರಹಗಳ ನಡುವಿನ ಅಂತರಕ್ಕೆ ತಕ್ಕಂತೆ, ಸುಮಾರು 3ರಿಂದ 22 ನಿಮಿಷ ಬೇಕು. ‘ಹುಷಾರಾಗಿದ್ದೀಯಾ?’ ಎಂದು ಕೇಳಿದ ತಾಯಿ ಮಗಳ ಉತ್ತರಕ್ಕಾಗಿ ಕೆಲವೊಮ್ಮೆ ಮುಕ್ಕಾಲು ಗಂಟೆ ಕಾಯಬೇಕು. ಅವರಿಬ್ಬರು ಮಾತಿಗೆ ಮಾತು ಬೆಳೆಸಿ ಜಗಳವಾಡಲಾರರು. ಆಡಿದ ಮಾತನ್ನು ತಡೆದು ಹಿಂತೆಗೆದುಕೊಳ್ಳಲೂ ಆರರು. ಕಾದಂಬರಿ ಹುಟ್ಟುವುದು ಇಂಥ ಇಕ್ಕಟ್ಟಿನಲ್ಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಲ್ಲಿನ ಗುರುತ್ವ ಭೂಮಿಯ ಶೇ 38ರಷ್ಟು, ದಿನ ಭೂಮಿಯ ದಿನಕ್ಕಿಂತ ಸುಮಾರು 40 ನಿಮಿಷ ಹೆಚ್ಚು ಉದ್ದ. ಇವೂ ನಿಮ್ಮ ಕೈಯಲ್ಲಿರಲಿ.

ಯಂತ್ರದ ವರ್ಣನೆಗೆ ಪುಟಗಟ್ಟಲೆ ಸುರಿಯಬೇಡಿ. ಅದು ಕೆಟ್ಟು ನಿಂತಾಗ ಯಾರ ಕೈ ನಡುಗಿತು ಎಂದು ತೋರಿಸಿ, ಸಾಕು.

ದೃಶ್ಯ ಎರಡು ಪುಟ ಮೀರದಿರಲಿ. ಭಾನುವಾರ ರಾತ್ರಿಯೊಳಗೆ ಇಲ್ಲಿಯೇ ಹಾಕಿ. ಓದಿದವರು ‘ಚೆನ್ನಾಗಿದೆ’ ಎಂದಷ್ಟೇ ಬರೆಯದೆ, ಎಲ್ಲಿ ನಂಬಿಕೆ ಸಡಿಲವಾಯಿತು ಎಂಬುದನ್ನು ಸಾಲು ಹಿಡಿದು ತಿಳಿಸಿ.