ಸೋರೋದು ಒಂದು ಕಡೆ, ತೊಟ್ಟಿಕ್ಕೋದು ಇನ್ನೊಂದು ಕಡೆ

ಸಂಪಾದಕರಿಗೆ ನಮಸ್ಕಾರ,

ಮನೇಲೇ ಕಾರಿನ ಇಂಜಿನ್ ಆಯಿಲ್ ಬದಲಾಯಿಸೋದು ಹೇಗೆ ಅಂತ ನಿಮ್ಮ ವಾಹನ ಪುಟದಲ್ಲಿ ಬಂದಿದ್ದ ಲೇಖನ ಓದ್ದೆ. ಚೆನ್ನಾಗೇ ಬರ್ದಿದ್ದಾರೆ, ಹಳೇ ಆಯಿಲ್ ಇಳ್ಸೋದು, ಫಿಲ್ಟರ್ ಬಿಚ್ಚೋದು, ಹೊಸದು ಕೂರ್ಸೋದು ಎಲ್ಲಾ ಇದೆ, ಆದ್ರೆ ಬಾನೆಟ್ ಮುಚ್ಚಿದ ಕೂಡ್ಲೆ ಲೇಖನಾನೂ ಮುಚ್ಕೊಂಡ್‌ಬಿಟ್ಟಿದೆ. ಮೊದಲ ಸಲ ಕೈ ಹಾಕಿದೋರಿಗೆ ತಲೆನೋವು ಶುರುವಾಗೋದೇ ಮಾರನೇ ದಿನ ಬೆಳಗ್ಗೆ, ಕಾರ್ ಹಿಂದಕ್ಕೆ ತೆಗ್ದಾಗ ನೆಲದ ಮೇಲೆ ಕಾಣೋ ಆ ಮಚ್ಚೆಯಿಂದ. ಅದರ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾಗಿ ನಾನು ಪಟ್ಟ ಪಾಡನ್ನಾದ್ರೂ ಹೇಳೋಣ ಅಂತ ಈ ಪತ್ರ.

ನಂದು ದೊಡ್ಡ ಸೋರಿಕೆ ಏನಲ್ಲ. ರಾತ್ರಿಗೆ ಹೆಚ್ಚು ಅಂದ್ರೆ ನಾಕೈದು ಹನಿ. ಆದ್ರೆ ನಾನು ಕೆಳಗೆ ಹಾಸಿದ್ದು ಹಳೇ ನ್ಯೂಸ್‌ಪೇಪರ್ (ನಿಮ್ದೇ, ಬೇಜಾರ್ ಮಾಡ್ಕೋಬೇಡಿ), ಅದು ಆಯಿಲ್ ಹೀರಿ ಹೀರಿ ಬೆಳಗ್ಗೆ ಅಷ್ಟೊತ್ತಿಗೆ ಊಟದ ತಟ್ಟೆ ಅಗಲ ಮಾಡಿ ಇಟ್ಟಿತ್ತು, ನೋಡಿ ಎದೆ ಧಸಕ್ ಅಂತು. ಡಿಪ್‌ಸ್ಟಿಕ್ ಎಳ್ದು ನೋಡಿದ್ರೆ ಇಂಜಿನ್ ಒಳಗಿನ ಆಯಿಲ್ ಲೆವೆಲ್ ಇದ್ದಲ್ಲೇ ಇದೆ. ಕೆಳಗೆ ಬಗ್ಗಿ ನೋಡಿದ್ರೆ ಡ್ರೈನ್ ಪ್ಲಗ್ (ಹಳೇ ಆಯಿಲ್ ಇಳ್ಸೋಕೆ ಬಿಚ್ಚೋ ಬೋಲ್ಟ್) ತುದೀಲಿ ಜೇನುತುಪ್ಪದ ಬಣ್ಣದ ಒಂದು ಹನಿ ಬೀಳ್ಲೋ ಬೇಡ್ವೋ ಅಂತ ನೇತಾಡ್ತಾ ಇತ್ತು. ಸರಿ, ಪ್ಲಗ್ ಸಡಿಲ ಇರ್ಬೇಕು ಅಂತ ಸ್ಪ್ಯಾನರ್ ಹಾಕಿ ಕಾಲು ಸುತ್ತು ಬಿಗಿ ಮಾಡ್ದೆ. ಮಾರನೇ ದಿನ ಮತ್ತೆ ಅದೇ ಹನಿ. ಇನ್ನೊಂಚೂರು ಬಿಗಿ ಮಾಡೋಣ ಅಂತ ಹೊರಟಾಗ ಸ್ಪ್ಯಾನರ್ ಯಾಕೋ ಮೆತ್ತಗೆ ತಿರುಗಿದ ಹಾಗನ್ನಿಸ್ತು ನೋಡಿ, ಅಲ್ಲಿಗೆ ಕೈ ತೆಗ್ದೆ.

ಕೈ ತೆಗ್ದಿದ್ದೇ ಒಳ್ಳೇದಾಯ್ತು. ಯಾಕಂದ್ರೆ ಈಗಿನ ಎಷ್ಟೋ ಕಾರುಗಳಲ್ಲಿ ಆಯಿಲ್ ಸಂಪ್ (ಇಂಜಿನ್ ಅಡೀಲಿ ಆಯಿಲ್ ನಿಲ್ಲೋ ತೊಟ್ಟಿ) ಅಲ್ಯೂಮಿನಿಯಂದು, ಪ್ಲಗ್ ಉಕ್ಕಿಂದು. ಇಬ್ಬರು ಜಗಳ ಆಡಿದ್ರೆ ಸೋಲೋದು ಯಾವಾಗ್ಲೂ ಅಲ್ಯೂಮಿನಿಯಂ. ಬಹಳಷ್ಟು ಕಾರುಗಳಲ್ಲಿ ಈ ಪ್ಲಗ್ಗಿಗೆ ಬೇಕಾಗಿರೋ ಟಾರ್ಕ್, ಅಂದ್ರೆ ಬಿಗಿ ಮಾಡೋ ತಿರುಚು ಬಲ, 30ರಿಂದ 40 ನ್ಯೂಟನ್ ಮೀಟರ್ ಅಷ್ಟೇ, ಚಕ್ರದ ನಟ್ಟಿಗೆ 100ರ ಆಸುಪಾಸು ಬೇಕು, ಅಂದ್ರೆ ಲೆಕ್ಕ ಹಾಕ್ಕೊಳ್ಳಿ, ನಾವು ಉದ್ದ ಸ್ಪ್ಯಾನರ್ ಹಿಡ್ಕೊಂಡು ಹಲ್ಲು ಕಚ್ಚಿ ಎಳ್ದ್ರೆ ಏನಾಗುತ್ತೆ ಅಂತ. ಒಂದ್ಸಲ ಥ್ರೆಡ್ (ಪ್ಲಗ್ ತಿರುಗಿ ಕೂರೋ ಸುರುಳಿ ಗೆರೆ) ಹೋಯ್ತೋ, ಆಮೇಲೆ ತೂತು ಕೊರ್ಸಿ ಹೊಸ ಥ್ರೆಡ್ ಕೂರಿಸ್ಬೇಕು, ಇಲ್ಲಾಂದ್ರೆ ಸಂಪ್ ಅನ್ನೇ ಬದಲಾಯಿಸ್ಬೇಕು. ಪ್ಲಗ್ಗಿಗೂ ಸಂಪಿಗೂ ಮಧ್ಯೆ ಕೂರೋ ಚಿಕ್ಕ ಲೋಹದ ಬಳೆ, ಅಂದ್ರೆ ವಾಷರ್‌ನಲ್ಲಿ ಮುಗಿಯೋ ಕೆಲ್ಸ ಎಲ್ಲಿಗೋ ಹೋಗಿ ನಿಲ್ಲುತ್ತೆ.

ಇನ್ನೊಂದು ಆಮೇಲೆ ಹೊಳೀತು. ಹನಿ ಪ್ಲಗ್ ತುದೀಲಿ ಇದೆ ಅಂದ ಮಾತ್ರಕ್ಕೆ ಸೋರ್ತಾ ಇರೋದು ಪ್ಲಗ್ಗೇ ಅಂತ ಏನಿಲ್ಲ. ಸಾಮಾನ್ಯವಾಗಿ ಇಂಜಿನ್‌ನಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಅದೇ, ಫಿಲ್ಟರ್ ಹತ್ರ ಸೋರಿದ್ರೂ ಅಲ್ಲಿಗೇ ಹರ್ಕೊಂಡು ಬರುತ್ತೆ, ಮೇಲೆ ಆಯಿಲ್ ಸುರಿಯೋವಾಗ ಫನಲ್ ಪಕ್ಕ ಚೆಲ್ಲಿದ್ರೂ ಅಲ್ಲಿಗೇ ಬರುತ್ತೆ. ಫಿಲ್ಟರ್ ಬಿಚ್ಚಿದಾಗ ಅದರ ಕೆಳಗಿರೋ ಕಬ್ಬಿಣದ ಪಟ್ಟಿ ಮೇಲೆ ಒಂದು ಲೋಟ ಆಯಿಲ್ ನಿಂತುಬಿಟ್ಟಿರುತ್ತೆ, ಅದು ಎರಡು ಮೂರು ದಿನ ನಿಧಾನಕ್ಕೆ ಇಳೀತಾನೇ ಇರುತ್ತೆ, ಅದು ಸೋರಿಕೆನೇ ಅಲ್ಲ. ಗಾಡಿ ಓಡ್ಸಿದ್ರಂತೂ ಗಾಳಿಗೆ ಹಿಂದಕ್ಕೆಲ್ಲಾ ಹರಡಿ ಇಡೀ ಹೊಟ್ಟೆ ಒದ್ದೆ. ಇದೊಂದೂ ನೋಡದೆ ಪ್ಲಗ್ಗನ್ನ ತಿರುಗಿಸ್ತಾ ಹೋಗೋದು ಅಂದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹಾಗಾಗಿ ಮೂರನೇ ದಿನ ಸ್ಪ್ಯಾನರ್ ಪಕ್ಕಕ್ಕಿಟ್ಟು ಬಟ್ಟೆ ತಗೊಂಡೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಗಾಡೀನ ಬರೀ ಜಾಕ್ ನಂಬ್ಕೊಳ್ದೆ ಸ್ಟ್ಯಾಂಡ್ ಮೇಲೆ ಕೂರ್ಸಿ, ಬ್ರೇಕ್ ಕ್ಲೀನರ್ ಹೊಡ್ದು ಪ್ಲಗ್ ಸುತ್ತ, ಫಿಲ್ಟರ್ ಸುತ್ತ, ಆ ಪಟ್ಟಿ ಸಂದಿ ಎಲ್ಲಾ ಒಣಗೋ ತನಕ ಒರೆಸ್ದೆ. ಅದು ಬೇಗ ಬೆಂಕಿ ಹತ್ಕೊಳ್ಳೋ ವಸ್ತು, ಬಿಸಿ ಇಂಜಿನ್ ಮೇಲೆ ದಯವಿಟ್ಟು ಯಾರೂ ಹೊಡೀಬೇಡಿ. ಆಮೇಲೆ ಪ್ಲಗ್ ಸುತ್ತ ಒಂದು ಟಿಶ್ಯೂ ಸುತ್ತಿದೆ, ಫಿಲ್ಟರ್ ಬುಡಕ್ಕೆ ಇನ್ನೊಂದು. ಹತ್ತು ನಿಮಿಷ ಇಂಜಿನ್ ನಿಂತಲ್ಲೇ ಓಡ್ಸಿ, ಟಾರ್ಚ್ ಹಿಡಿದು ಇಣುಕ್ತಾ ಇದ್ದೆ. ಇಂಜಿನ್ ಓಡೋವಾಗ ಟಿಶ್ಯೂ ಬೆಲ್ಟ್ ಕಡೆಗೋ ಸೈಲೆನ್ಸರ್ ಪೈಪ್ ಕಡೆಗೋ ಜೋತು ಬೀಳದ ಹಾಗೆ ನೋಡ್ಕೋಬೇಕು, ಅಷ್ಟೇ.

ಬಿಸಿ ಮಾಡಿ ನೋಡೋದು ಯಾಕೆ ಅಂದ್ರೆ ತಣ್ಣಗಿರೋ ಆಯಿಲ್ ಮಂದ, ಸಣ್ಣ ಸಂದೀಲಿ ಹೊರಗೆ ಬರೋದು ಕಮ್ಮಿ. ನಾವು ಹಾಕೋ 5ಡಬ್ಲ್ಯೂ-30 ಥರದ ಆಯಿಲ್ 40 ಡಿಗ್ರೀಲಿ ಎಷ್ಟು ಮಂದ ಇರುತ್ತೋ 100 ಡಿಗ್ರಿಗೆ ಬರೋ ಹೊತ್ತಿಗೆ ಅದರ ಆರನೇ ಒಂದು ಪಾಲಿಗೆ ಇಳಿದಿರುತ್ತೆ. ಗ್ಯಾರೇಜಲ್ಲಿ ನಿಂತಿದ್ದಾಗ ಏನೂ ಇರ್ಲಿಲ್ಲ, ಓಡಿಸ್ಕೊಂಡು ಬಂದ ಮೇಲೆ ಹನಿ ಅಂತ ಜನ ತಲೆ ಕೆಡಿಸ್ಕೊಳ್ಳೋದು ಇದಕ್ಕೇ. ಇನ್ನೊಂದು ಸುಳಿವೂ ಇದೆ: ಫಿಲ್ಟರ್ ಕಡೆ ಪಂಪಿನ ಒತ್ತಡ ಬರುತ್ತೆ, ಪ್ಲಗ್ ಕಡೆ ಸಂಪಲ್ಲಿ ನಿಂತಿರೋ ಆಯಿಲ್‌ನ ಭಾರ ಬಿಟ್ರೆ ಬೇರೆ ಒತ್ತಡ ಇಲ್ಲ. ಅದಕ್ಕೇ ಇಂಜಿನ್ ಓಡೋವಾಗ ಜೋರಾಗಿ, ನಿಂತಾಗ ಕಮ್ಮಿ ಅಂದ್ರೆ ಫಿಲ್ಟರ್ ಮೇಲೆ ಅನುಮಾನ ಪಡಿ, ರಾತ್ರಿಯೆಲ್ಲಾ ಒಂದೇ ಸಮ ತೊಟ್ಟಿಕ್ತಾ ಇದ್ರೆ ಪ್ಲಗ್ ಮೇಲೆ. ಪಕ್ಕಾ ಲೆಕ್ಕ ಅಲ್ಲ, ಆದ್ರೆ ಎಲ್ಲಿಂದ ಹುಡುಕೋದು ಅಂತ ಗೊತ್ತಾಗುತ್ತೆ.

ನನ್ನ ಪ್ಲಗ್ ಟಿಶ್ಯೂ ಒದ್ದೆ ಆಯ್ತು, ಫಿಲ್ಟರ್‌ದು ಗರಿಗರಿ. ಸರಿ, ಆಯಿಲ್ ಮತ್ತೆ ಇಳ್ಸಿದೆ, ಈ ಸಲ ಚೆನ್ನಾಗಿ ತೊಳೆದು ಒರೆಸಿದ ಟ್ರೇ ಇಟ್ಟು, ಎರಡು ದಿನದ ಆಯಿಲ್ ತಾನೇ, ವಾಪಸ್ ಹಾಕ್ಬಹುದಲ್ಲ ಅಂತ. ಪ್ಲಗ್ ಬಿಚ್ಚಿ ವಾಷರ್ ನೋಡ್ದೆ, ಹೊಸದೇ, ನಾನೇ ಹಾಕಿದ್ದು, ಏನೂ ತಪ್ಪಿಲ್ಲ. ತಲೆ ಕೆರ್ಕೊಂಡು ಸಂಪಿನ ತೂತದ ಸುತ್ತ ಬೆರಳಾಡ್ಸಿದೆ. ಒಂದು ಕಡೆ ಉಗುರಿಗೆ ಅಂಚು ಸಿಕ್ತು. ಹಳೇ ವಾಷರ್! ಅಲ್ಯೂಮಿನಿಯಂ ವಾಷರ್ ಅಲ್ಯೂಮಿನಿಯಂ ಸಂಪಿಗೆ ಅಂಟ್ಕೊಂಡು, ಅದೇ ಬಣ್ಣ, ಅದೇ ಮಸಿ, ಸಂಪಿನ ಭಾಗಾನೇ ಅನ್ನೋ ಹಾಗೆ ಕೂತಿತ್ತು, ಅದರ ಮೇಲೆ ನಾನು ಹೊಸದನ್ನ ಕೂರ್ಸಿದ್ದೆ. ಪ್ಲಾಸ್ಟಿಕ್ ತುಂಡಲ್ಲಿ ಮೆಲ್ಲಗೆ ಎಬ್ಬಿಸಿ ತೆಗ್ದ್ರೆ ಅದರ ಮೈಮೇಲೆ ಹಳೇ ಪ್ಲಗ್ ಒತ್ತಿದ ಗುಂಡನೆ ಗೀರು, ಆ ಗೀರಲ್ಲೇ ಆಯಿಲ್ ದಾರಿ ಮಾಡ್ಕೊಂಡಿತ್ತು. ಶರ್ಟ್ ಗುಂಡಿಗಿಂತ ಸ್ವಲ್ಪ ದೊಡ್ಡ ತುಂಡು, ಮೂರು ದಿನ ಆಟ ಆಡ್ಸಿತು ನೋಡಿ.

ಈ ವಾಷರ್ ಕೆಲ್ಸ ಮಾಡೋದೇ ಜಜ್ಜಿಹೋಗಿ. ಪ್ಲಗ್ಗೂ ಸಂಪೂ ಎಷ್ಟೇ ನುಣ್ಣಗೆ ಕಂಡ್ರೂ ಸಣ್ಣ ಸಣ್ಣ ಗೀರು ಇದ್ದೇ ಇರುತ್ತೆ, ಮೆತ್ತನೆ ಲೋಹ ಒತ್ತಡಕ್ಕೆ ಆ ಗೀರೊಳಗೆ ಹೋಗಿ ಕೂತು ದಾರಿ ಮುಚ್ಚುತ್ತೆ. ಒಂದ್ಸಲ ಜಜ್ಜಿದ್ದು ಗಟ್ಟಿಯಾಯ್ತು, ಮತ್ತೆ ಅಷ್ಟು ಚೆನ್ನಾಗಿ ಕೂರಲ್ಲ. ತಾಮ್ರದ್ದಾದ್ರೆ ಕೆಂಪಗೆ ಕಾಯಿಸಿ ಆರಿಸಿದ್ರೆ ಮತ್ತೆ ಮೆತ್ತಗಾಗುತ್ತೆ, ಹಳಬರು ಮಾಡ್ತಾ ಇದ್ರು, ಆದ್ರೆ ಹೊಸದು ಸಿಗೋವಾಗ ಆ ಸರ್ಕಸ್ ಯಾಕೆ. ಇನ್ನೊಂದು ಹೊಸ ವಾಷರ್ ಹಾಕಿ, ಮೊದಲು ಕೈಯಲ್ಲೇ ತಿರುಗ್ಸಿ ಥ್ರೆಡ್ ಸರಿ ಕೂತಿದ್ಯಾ ನೋಡಿ (ನನ್ನ ಅದೃಷ್ಟಕ್ಕೆ ಥ್ರೆಡ್ ಉಳ್ಕೊಂಡಿತ್ತು), ಟಾರ್ಕ್ ರೆಂಚಲ್ಲಿ ಕಾರಿನ ಕೈಪಿಡೀಲಿ ಇರೋ ಅಷ್ಟಕ್ಕೇ ನಿಲ್ಸಿದೆ.

ಫಿಲ್ಟರ್ ವಿಷ್ಯದಲ್ಲೂ ಕಥೆ ಇದೇ, ಆದ್ರೆ ಅಪಾಯ ಜಾಸ್ತಿ. ಹಳೇ ಫಿಲ್ಟರ್ ಬಿಚ್ಚೋವಾಗ ಅದರ ರಬ್ಬರ್ ಗ್ಯಾಸ್ಕೆಟ್ (ಸೋರದ ಹಾಗೆ ತಡೆಯೋ ಬಳೆ) ಇಂಜಿನ್‌ಗೇ ಅಂಟ್ಕೊಂಡು ಉಳಿದ್ರೆ, ಅದರ ಮೇಲೆ ಹೊಸದು ಹಾಕಿದ್ರೆ, ಎರಡು ಗ್ಯಾಸ್ಕೆಟ್ ಪಂಪಿನ ಒತ್ತಡಕ್ಕೆ ಜಾರಿ ಆಯಿಲ್ ಹನಿ ಹನಿಯಾಗಲ್ಲ, ದಬದಬ ಅಂತ ಸುರಿದು ಹೋಗ್ಬಹುದು. ಹಾಗಾಗಿ ಫಿಲ್ಟರ್ ಬಿಚ್ಚಿದ ಕೂಡ್ಲೆ ಅದರ ಬಾಯಿ ನೋಡಿ, ರಬ್ಬರ್ ಅದರಲ್ಲಿದ್ಯಾ ಅಂತ. ಹೊಸದರ ರಬ್ಬರಿಗೆ ಒಂದು ಬೆರಳು ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು, ಕೈಯಲ್ಲೇ. ಎಷ್ಟು ಸುತ್ತು ಅಂತ ಸಾಮಾನ್ಯವಾಗಿ ಫಿಲ್ಟರ್ ಮೈಮೇಲೇ ಬರ್ದಿರ್ತಾರೆ, ಓದೋರು ಕಮ್ಮಿ. ಓಡಿಸ್ತಾ ಇರೋವಾಗ ಡ್ಯಾಶ್‌ಬೋರ್ಡಲ್ಲಿ ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ ಹತ್ತಿದ್ರೆ ಮನೆ ತಲುಪೋಣ ಅಂತ ನೋಡ್ಬೇಡಿ, ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ.

ಟೆಫ್ಲಾನ್ ಟೇಪ್ ಸುತ್ತು, ಸಿಲಿಕಾನ್ ಮೆತ್ತು ಅಂತ ಹೇಳೋರೂ ಸಿಕ್ರು ನಂಗೆ. ನಲ್ಲಿ ರಿಪೇರಿಗೆ ಸರಿ ಸ್ವಾಮಿ. ಇಲ್ಲಿ ಅದರ ಚೂರು ಕಿತ್ತು ಒಳಗೆ ಹೋದ್ರೆ ಪಂಪಿಗೆ ಆಯಿಲ್ ಎಳ್ಕೊಳ್ಳೋ ಜಾಲರಿ ಕಟ್ಕೊಳ್ಳುತ್ತೆ, ಆಮೇಲೆ ಹನಿ ಸೋರಿದ್ದೇ ವಾಸಿಯಾಗಿತ್ತು ಅನ್ನಿಸುತ್ತೆ.

ನಿಮ್ಮ ಲೇಖಕರಿಗೆ ನನ್ನ ಕೋರಿಕೆ ಇಷ್ಟೇ, ಮುಂದಿನ ಸಲ ಇಂಥದ್ದು ಬರೆದಾಗ ಕೊನೇಲಿ ನಾಲ್ಕು ಸಾಲು ಸೇರಿಸಿ: ಹಳೇ ವಾಷರ್, ಹಳೇ ರಬ್ಬರ್ ಎರಡೂ ಕೈಗೆ ಬಂತಾ ಅಂತ ಎಣಿಸಿ ನೋಡೋಕೆ, ಚೆಲ್ಲಿದ್ದನ್ನ ಒರೆಸೋಕೆ, ಸ್ವಲ್ಪ ಓಡ್ಸಿ ಮತ್ತೆ ಕೆಳಗೆ ಬಗ್ಗಿ ನೋಡೋಕೆ, ಮಾರನೇ ದಿನ ಡಿಪ್‌ಸ್ಟಿಕ್ ಎಳೆಯೋಕೆ. ಜಾಗ ಇಲ್ಲ ಅಂದ್ರೆ ಶುರುವಲ್ಲಿ ಆಯಿಲ್ ಮಹತ್ವದ ಬಗ್ಗೆ ಇದ್ದ ಎರಡು ಪ್ಯಾರಾ ತೆಗೀರಿ, ಅದು ಎಲ್ರಿಗೂ ಗೊತ್ತು.

ನಿನ್ನೆ ರಾತ್ರಿ ಮತ್ತೆ ನಿಮ್ಮ ಪೇಪರ್ರೇ ಹಾಸಿದ್ದೆ, ಕ್ರೀಡಾ ಪುಟ. ಬೆಳಗ್ಗೆ ಎದ್ದು ನೋಡಿದ್ರೆ ಒಂದು ಚುಕ್ಕೆ ಇಲ್ಲ, ಧೂಳು ಕೊಡವಿ ಅಲ್ಲೇ ಕೂತು ಓದಿ ಮುಗಿಸ್ದೆ.

ಇಂತಿ,
ನಿಮ್ಮ ಒಬ್ಬ ಓದುಗ