ವಿಷದ ಗೋದಾಮಿಗೆ ಬಾಂಬ್ ಮದ್ದಲ್ಲ

ಮಾನ್ಯ ಸಂಪಾದಕರೆ,

ರಾಸಾಯನಿಕ ಅಸ್ತ್ರ ಬಳಸಿದವರ ಮೇಲೆ ದಾಳಿ ಮಾಡಬೇಕೆ, ಮಾತುಕತೆಗೆ ಕೂರಿಸಬೇಕೆ ಎಂದು ಚರ್ಚಿಸುವವರು ಸಿರಿಯಾವನ್ನು ಮರೆಯಬಾರದು. 2013ರ ಆಗಸ್ಟ್ 21ರಂದು ರಾಜಧಾನಿ ಡಮಾಸ್ಕಸ್ ಪಕ್ಕದ ಘೌಟಾದ ಮೇಲೆ ಸಾರಿನ್ ಎಂಬ ನರವಿಷ ತುಂಬಿದ ರಾಕೆಟ್‌ಗಳು ಬಿದ್ದವು. ಸಾರಿನ್ ಆವಿ ಗಾಳಿಗಿಂತ ಭಾರ. ಶೆಲ್ಲುಗಳಿಗೆ ಹೆದರಿ ನೆಲಮಾಳಿಗೆ ಸೇರಿದವರಿಗೆ ಆ ಆಸರೆಯೇ ಮೃತ್ಯುಕೂಪವಾಯಿತು.

ಆಮೇಲೆ ಸಿರಿಯಾದ ರಾಸಾಯನಿಕ ಅಸ್ತ್ರಗಳನ್ನು ನಾಶಪಡಿಸಲು ಅಮೆರಿಕ–ರಷ್ಯಾ ಒಪ್ಪಂದ ಆಯಿತು, ವಿಶ್ವಸಂಸ್ಥೆ ಭದ್ರತಾ ಮಂಡಳಿಯ 2118ನೇ ನಿರ್ಣಯ ಬಂತು. ಸಿರಿಯಾ ಘೋಷಿಸಿದ ಸುಮಾರು 1,300 ಟನ್ ರಾಸಾಯನಿಕದ ಬಹುಪಾಲು 2014ರ ಜೂನ್ ಹೊತ್ತಿಗೆ ಲಟಾಕಿಯಾ ಬಂದರಿನಿಂದ ಹೊರಹೋಯಿತು. ಸಾರಿನ್ ತಯಾರಿಕೆಯ ಮೂಲದ್ರವ ಡಿಎಫ್ ಒಂದೇ 581 ಟನ್. ಅದನ್ನು ನಡುಸಮುದ್ರದಲ್ಲಿ 'ಕೇಪ್ ರೇ' ಹಡಗಿನ ಮೇಲೆ ನೀರು ಬೆರೆಸಿ ನಿಷ್ಕ್ರಿಯಗೊಳಿಸಿದರು. ಇದೇ ದಾಸ್ತಾನಿಗೆ ಕ್ಷಿಪಣಿ ಹೊಡೆದಿದ್ದರೆ ಒಂದಿಷ್ಟು ಉರಿದು, ಉಳಿದದ್ದು ಅಕ್ಕಪಕ್ಕದ ಊರುಗಳಿಗೆ ಹರಡುವ ಅಪಾಯವಿತ್ತು. ಅಮೆರಿಕದ ದಾಳಿಯ ಬೆದರಿಕೆ ಇರದಿದ್ದರೆ ಸಿರಿಯಾ ಬಗ್ಗುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಎಡವಿದ್ದು ತಪಾಸಣೆಯಲ್ಲಿ. ದಾಸ್ತಾನು ಎಷ್ಟಿದೆ ಎಂದು ಹೇಳುವ ಕೆಲಸ ಆಯಾ ದೇಶದ್ದೇ; ಹೇಳದೆ ಮುಚ್ಚಿಟ್ಟರೆ ಅದು ಹಾಗೇ ಉಳಿಯಬಹುದು. 2017ರ ಏಪ್ರಿಲ್ 4ರಂದು ಖಾನ್ ಶೇಖೂನ್‌ನಲ್ಲಿ ಮತ್ತೆ ಸಾರಿನ್ ಬಿತ್ತು. ಮೂರೇ ದಿನಕ್ಕೆ ಅಮೆರಿಕ ಶೈರಾತ್ ವಾಯುನೆಲೆಗೆ 59 ಟೊಮಾಹಾಕ್ ಕ್ಷಿಪಣಿ ಹಾರಿಸಿತು. ಆದರೂ ಮರುವರ್ಷ ಡೌಮಾದಲ್ಲಿ ಕ್ಲೋರಿನ್ ಜನರನ್ನು ಕೊಂದಿತು. ಅಷ್ಟರಲ್ಲಿ, ತಪ್ಪಿತಸ್ಥರನ್ನು ಹೆಸರಿಸುತ್ತಿದ್ದ, ವಿಶ್ವಸಂಸ್ಥೆ ಮತ್ತು ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಜಂಟಿ ತನಿಖಾ ತಂಡದ ಅವಧಿ ರಷ್ಯಾದ ವಿಟೊದಿಂದ ಮುಗಿದೇಹೋಗಿತ್ತು. ಶಂಕಿತ ಸ್ಥಳಕ್ಕೆ ಹಠಾತ್ ತಪಾಸಣೆ ಕೋರುವ ಹಕ್ಕನ್ನು ರಾಸಾಯನಿಕ ಅಸ್ತ್ರ ಒಪ್ಪಂದದ 9ನೇ ವಿಧಿ ಸದಸ್ಯ ದೇಶಗಳಿಗೆ ಕೊಟ್ಟಿದೆ. ಅದನ್ನು ಸಿರಿಯಾದ ವಿಷಯದಲ್ಲಿ ಯಾವ ದೇಶವೂ ಬಳಸಲಿಲ್ಲ.