ಬಾಯ್ಲರ್ ಜೊತೆಗೆ ಸ್ಟೀಮ್ ಲೈನನ್ನೂ ನೋಡಿ

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತು. ನಮ್ಮ ಬಾಗಲಕೋಟೆ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಇನ್ನು ಬಾಯ್ಲರ್ ಪ್ರದೀಪನ, ಅಂದರೆ ಬಾಯ್ಲರಿಗೆ ಬೆಂಕಿ ಹಾಕುವುದು, ಶುರುವಾಗುತ್ತದೆ. ಬಾಯ್ಲರ್ ಅಟೆಂಡೆಂಟ್ ಆಗಿ ದುಡಿದು ನಿವೃತ್ತನಾದವನು ನಾನು. ಈ ಹೊತ್ತಿಗೆ ಸ್ಟೀಮ್ ಲೈನ್, ಅಂದರೆ ಬಾಯ್ಲರಿನ ಹಬೆ ಸಾಗಿಸುವ ಪೈಪುಗಳ ಬಗ್ಗೆ ಒಂದು ವಿಷಯ ಹೇಳಲೇಬೇಕು ಅನಿಸಿದೆ.

ಬಾಯ್ಲರನ್ನು ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡುತ್ತಾರೆ. ಅದನ್ನು ನಡೆಸುವವನಿಗೆ ಸರ್ಟಿಫಿಕೇಟ್ ಬೇಕು. 1923ರ ಬಾಯ್ಲರ್ ಕಾಯ್ದೆ ಹೋಗಿ 2025ರಲ್ಲಿ ಹೊಸದೂ ಬಂದಿದೆ. ಆದರೆ ಅಲ್ಲಿಂದ ಹೊರಟ ಸ್ಟೀಮ್, ಟರ್ಬೈನನ್ನು ತಿರುಗಿಸಿ, ಒತ್ತಡ ಇಳಿದು, ಹೆಡರ್ ಎಂಬ ದೊಡ್ಡ ಪೈಪಿನಿಂದ ಕವಲೊಡೆದು, ಕಬ್ಬಿನ ರಸ ಕಾಯಿಸುವ ಜ್ಯೂಸ್ ಹೀಟರ್, ಅದನ್ನು ಗಟ್ಟಿ ಮಾಡುವ ಇವಾಪೊರೇಟರ್‌ಗಳಿಗೆ ಹೋಗುತ್ತದಲ್ವಾ? ಆ ದಾರಿಯಲ್ಲಿ ವಾಲ್ವ್ ತಿರುಗಿಸುವವನು ಎಷ್ಟೋ ಕಡೆ ಗುತ್ತಿಗೆ ಹುಡುಗ. ಅವನಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ.

ತಣ್ಣನೆ ಪೈಪಿಗೆ ಬಂದ ಸ್ಟೀಮ್ ನೀರಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ವಾಲ್ವ್ ಒಮ್ಮೆಲೇ ತೆರೆದರೆ, ಸೆಕೆಂಡಿಗೆ 25-30 ಮೀಟರ್ ವೇಗದಲ್ಲಿ ಓಡುವ ಸ್ಟೀಮ್ ಆ ನೀರನ್ನು ತಳ್ಳಿಕೊಂಡು ಹೋಗಿ ಪೈಪಿನ ತಿರುವಿಗೋ ವಾಲ್ವಿಗೋ ಅಪ್ಪಳಿಸುತ್ತದೆ. ಮೊದಲು ಟಣ್ ಟಣ್ ಸದ್ದು. ಆಮೇಲೆ ಲೈನೇ ಸಪೋರ್ಟ್ ಮೇಲೆ ಕುಣಿಯುತ್ತದೆ. ಬೀಡುಕಬ್ಬಿಣದ ವಾಲ್ವ್ ಆದರೆ ಸೀಳಿಯೂ ಹೋಗಬಹುದು. ನಾನಿದ್ದ ಒಂದು ಕಡೆ ಹೀಗೇ ಪೈಪ್ ಜೋಡಣೆಯ ನಡುವಿನ ಗ್ಯಾಸ್ಕೆಟ್ ಹಾರಿ ಹುಡುಗನೊಬ್ಬನ ಕೈ ಬೆಂದಿತು. ತಪ್ಪು ಅವನದಲ್ಲ. 'ಬೇಗ ಬಿಡೋ' ಅಂತ ಮೇಲಿನವರು ಅವಸರ ಮಾಡಿದ್ದರು. ಮೊದಲು ನೀರು ಹೊರಬಿಡುವ ಡ್ರೇನ್ ತೆರೆದು, ಮುಖ್ಯ ವಾಲ್ವಿನ ಪಕ್ಕದ ಸಣ್ಣ ದಾರಿಯಾದ ಬೈಪಾಸ್‌ನಿಂದ ಸ್ವಲ್ಪ ಸ್ವಲ್ಪವೇ ಸ್ಟೀಮ್ ಬಿಟ್ಟು ಪೈಪ್ ಬಿಸಿ ಮಾಡಬೇಕು. ಡ್ರೇನಿನಲ್ಲಿ ನೀರು ಬರುವುದು ನಿಂತ ಮೇಲೆಯೇ ಮುಖ್ಯ ವಾಲ್ವಿಗೆ ಕೈ ಹಾಕಬೇಕು, ಅದೂ ನಿಧಾನಕ್ಕೆ.

ನೀರನ್ನು ಹೊರಗೆ ಬಿಟ್ಟು ಸ್ಟೀಮ್ ತಡೆಯಲು ಲೈನಿನ ಉದ್ದಕ್ಕೂ ಟ್ರ್ಯಾಪ್‌ಗಳಿರುತ್ತವೆ. ಸ್ಟೀಮ್ ಉಗುಳುವ ಟ್ರ್ಯಾಪ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರಿಂದ ಬಾಯ್ಲರಿಗೆ ಉರಿಸುವ ಕಬ್ಬಿನ ಸಿಪ್ಪೆ ದಂಡ, ಅಷ್ಟೇ. ಲೈನ್ ಚಾಲೂ ಇದ್ದರೂ ತಣ್ಣಗೆ, ಸದ್ದಿಲ್ಲದೆ ಕೂತ ಟ್ರ್ಯಾಪ್ ಇದೆಯಲ್ಲ, ಅದಕ್ಕೆ ಹೆದರಬೇಕು. ಬಹಳ ಸಲ ಅದು ಕಟ್ಟಿಕೊಂಡಿರುತ್ತದೆ, ಹಿಂದೆ ನೀರು ತುಂಬುತ್ತಿರುತ್ತದೆ. ಉದ್ದನೆ ಸ್ಕ್ರೂಡ್ರೈವರ್ ತುದಿ ಟ್ರ್ಯಾಪಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಕೇಳಿ. ಒಳಗೆ ಬಿಲ್ಲೆ ಇರುವ ಡಿಸ್ಕ್ ಟ್ರ್ಯಾಪ್ ಸರಿಯಿದ್ದರೆ ಬಿಟ್ಟು ಬಿಟ್ಟು ಟಕ್ ಅನ್ನುತ್ತದೆ. ಒಂದೇ ಸಮ ಸುಯ್ ಅಂದರೆ ಸ್ಟೀಮ್ ಪೋಲಾಗುತ್ತಿದೆ. ಏನೂ ಕೇಳಿಸದಿದ್ದರೆ ಲೈನ್ ಬಂದ್ ಮಾಡಿ, ಒತ್ತಡ ಇಳಿಸಿ, ಬಿಚ್ಚಿ ಕಸ ತಡೆಯುವ ಜಾಲರಿ (ಸ್ಟ್ರೈನರ್) ನೋಡಿ.

ಟ್ರ್ಯಾಪ್‌ಗಳಿಂದ ಸಿಗುವ ಬಿಸಿ ನೀರನ್ನು ಚರಂಡಿಗೆ ಬಿಡಬೇಡಿ. ಬಾಯ್ಲರಿಗೆ ಹಾಕುವ ನೀರು (ಫೀಡ್ ವಾಟರ್) 6 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿಯಿದ್ದರೆ ಇಂಧನ ಸುಮಾರು ಶೇ 1ರಷ್ಟು ಉಳಿಯುತ್ತದೆ. ಸಕ್ಕರೆ ಅಂಶ ಸೇರಿಲ್ಲ ಅಂತ ಪರೀಕ್ಷೆ ಮಾಡಿಯೇ ಬಾಯ್ಲರಿಗೆ ತಗೊಳ್ಳಿ.

ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಇಷ್ಟು. ಪ್ರದೀಪನಕ್ಕೆ ಮೊದಲು ಒಂದು ದಿನ ಈ ಹುಡುಗರನ್ನು ಲೈನಿನ ಉದ್ದಕ್ಕೂ ಕರೆದುಕೊಂಡು ಹೋಗಿ. ಪ್ರತಿ ಟ್ರ್ಯಾಪಿಗೂ ನಂಬರ್ ಬರೆಸಿ. ವೆಲ್ಡಿಂಗ್‌ಗೆ ಅಂತ ಬಿಚ್ಚಿದ ಇನ್ಸುಲೇಶನ್ ವಾಪಸ್ ಹಾಕಿಸಿ. ವಾಲ್ವ್ ತೆರೆಯುವ ಕ್ರಮವನ್ನು ಅದರ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಹಾಕಿ. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯವರೂ ತಪಾಸಣೆಗೆ ಬಂದಾಗ ಆ ಬೋರ್ಡ್ ಇದೆಯಾ ಅಂತ ಕೇಳಲಿ.

– ನಿವೃತ್ತ ಬಾಯ್ಲರ್ ಅಟೆಂಡೆಂಟ್, ಮುಧೋಳ